ಲೈಟ್ ಹತ್ತಿದ ಕೂಡಲೇ ಸೆನ್ಸರ್ ಬಿಚ್ಚಬೇಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಕಾರಿನ ಎಕ್ಸಾಸ್ಟ್ ಪೈಪಿನಲ್ಲಿ ಕೂರುವ ಆಕ್ಸಿಜನ್ ಸೆನ್ಸರ್ ಬಗ್ಗೆಯೇ ಇವೆ. ಬ್ರೇಕು, ಕ್ಲಚ್ಚು ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ. ಕೆಲವರು ಹೆಸರು ಬೇಡ ಎಂದಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ಪಿ0171 ಕೋಡ್ ಬಂದಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದರು. ಹೊಸದು ಹಾಕಿಸಿದೆ. ಕೆಲವು ದಿನ ಸುಮ್ಮನಿದ್ದ ಲೈಟ್ ಮತ್ತೆ ಹತ್ತಿದೆ. ಈಗ ಅದೇ ಪೈಪಿನ ಹಿಂಭಾಗದಲ್ಲಿರುವ ಎರಡನೇ ಸೆನ್ಸರ್ ಕೂಡ ಬದಲಾಯಿಸಬೇಕು ಅನ್ನುತ್ತಿದ್ದಾರೆ. ಮೈಲೇಜ್ ಬಿದ್ದಿದೆ. ನಿಂತಾಗ ಎಂಜಿನ್ ಸ್ವಲ್ಪ ನಡುಗುತ್ತದೆ. ಬದಲಾಯಿಸಲೇ?

ಉತ್ತರ: ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಗಿದೆ ನಿಮ್ಮ ಕಥೆ.

ಪಿ0171 ಎಂದರೆ "ಮಿಕ್ಸ್ಚರ್ ಲೀನ್ ಆಗಿದೆ" ಎಂದು ಅರ್ಥ. ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಗಾಳಿ ಜಾಸ್ತಿ ಆಗಿದೆ. ಅದರಲ್ಲಿ ಸೆನ್ಸರ್ ಕೆಟ್ಟಿದೆ ಎಂಬ ಮಾತೇ ಇಲ್ಲ. ಸೆನ್ಸರ್ ತಾನು ಕಂಡದ್ದನ್ನು ಹೇಳಿದೆ, ಇಸಿಯು (ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಅದನ್ನು ಬರೆದಿಟ್ಟುಕೊಂಡು ಲೈಟ್ ಹಾಕಿದೆ, ಅಷ್ಟೇ. ಹೊಸ ಸೆನ್ಸರ್ ಹಾಕಿದಾಗ ಕೋಡ್ ಅಳಿಸಿರುತ್ತಾರೆ. ಇಸಿಯು ಮತ್ತೆ ಲೆಕ್ಕ ಹಾಕಿ ಲೈಟ್ ಹತ್ತಿಸುವುದಕ್ಕೆ ಸ್ವಲ್ಪ ದಿನ ಬೇಕು. ಆ ದಿನಗಳಲ್ಲಿ ಎಲ್ಲರಿಗೂ ರಿಪೇರಿ ಆಯಿತು ಎಂಬ ಭ್ರಮೆ.

ಈ ಸೆನ್ಸರ್ ಏನು ನೋಡುತ್ತದೆ ಎಂದು ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಇದರ ತುದಿಯಲ್ಲಿ ಜಿರ್ಕೋನಿಯಾ ಎಂಬ ಪಿಂಗಾಣಿ ಇದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾದಾಗ ಅದು ಕೆಲಸ ಶುರು ಮಾಡುತ್ತದೆ. ಒಂದು ಮಗ್ಗುಲಲ್ಲಿ ಹೊರಗಿನ ಗಾಳಿ, ಇನ್ನೊಂದು ಮಗ್ಗುಲಲ್ಲಿ ಎಂಜಿನ್ ಹೊಗೆ. ಎರಡರಲ್ಲಿರುವ ಆಕ್ಸಿಜನ್ ನಡುವೆ ವ್ಯತ್ಯಾಸ ಹೆಚ್ಚಿದ್ದಷ್ಟೂ ವೋಲ್ಟೇಜ್ ಹೆಚ್ಚು. ಹೊಗೆಯಲ್ಲಿ ಆಕ್ಸಿಜನ್ ಉಳಿದಿಲ್ಲ ಎಂದರೆ ಮಿಕ್ಸ್ಚರ್ ರಿಚ್ (ಪೆಟ್ರೋಲ್ ಜಾಸ್ತಿ), ಸುಮಾರು 0.8ರಿಂದ 0.9 ವೋಲ್ಟ್. ಆಕ್ಸಿಜನ್ ಉಳಿದಿದೆ ಎಂದರೆ ಲೀನ್, 0.1ರ ಆಸುಪಾಸು. ನಡುವಿನ ಗೆರೆ 0.45. ಪೆಟ್ರೋಲಿಗೆ ಸರಿಯಾದ ಅಳತೆ ತೂಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್. ಇಸಿಯು ಈ ಗೆರೆಯ ಆಚೆ ಈಚೆ ಓಲಾಡುತ್ತಾ ಅಲ್ಲಿಯೇ ಇರಲು ನೋಡುತ್ತದೆ.

ಗಮನಿಸಿ, ಸೆನ್ಸರಿಗೆ ಪೆಟ್ರೋಲ್ ಕಾಣುವುದಿಲ್ಲ. ಕಾಣುವುದು ಆಕ್ಸಿಜನ್ ಒಂದೇ. ಒಂದು ಸ್ಪಾರ್ಕ್ ಪ್ಲಗ್ ಹೊಡೆಯದೆ ಎಂಜಿನ್ ಮಿಸ್ಸಿಂಗ್ ಆದರೆ ಆ ಸಿಲಿಂಡರಿನ ಪೆಟ್ರೋಲೂ ಸುಡುವುದಿಲ್ಲ, ಆಕ್ಸಿಜನ್ನೂ ಸುಡುವುದಿಲ್ಲ. ಎರಡೂ ಹೊರಗೆ ಬರುತ್ತವೆ. ಸೆನ್ಸರ್ ಆಕ್ಸಿಜನ್ ನೋಡಿ "ಲೀನ್" ಎನ್ನುತ್ತದೆ. ಇಸಿಯು ಅದನ್ನು ನಂಬಿ ಇನ್ನೂ ಪೆಟ್ರೋಲ್ ಸುರಿಯುತ್ತದೆ. ಹೀಗೆ ಪ್ಲಗ್ಗಿನ ತಪ್ಪಿಗೆ ಮೈಲೇಜ್ ಹೋಗುತ್ತದೆ, ಬೈಗುಳ ಸೆನ್ಸರಿಗೆ.

ಎಕ್ಸಾಸ್ಟ್ ಲೀಕ್ ಇನ್ನೂ ಮೋಸದ್ದು. ಸೆನ್ಸರಿಗಿಂತ ಮುಂಚೆ, ಎಕ್ಸಾಸ್ಟ್ ಎಂಜಿನ್ನಿಗೆ ಸೇರುವ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹತ್ತಿರ ಸಣ್ಣ ಸೀಳಿದ್ದರೆ ಹೊಗೆ ಹೊರಗೆ ಹೋಗುವುದು ಮಾತ್ರವಲ್ಲ, ಹೊರಗಿನ ಗಾಳಿಯೂ ಒಳಗೆ ಎಳೆಯಲ್ಪಡುತ್ತದೆ. ಎಕ್ಸಾಸ್ಟ್ ಒತ್ತಡ ಅಲೆ ಅಲೆಯಾಗಿ ಬರುತ್ತದಲ್ವಾ, ಎರಡು ಅಲೆಗಳ ನಡುವೆ ಅಲ್ಲಿ ಹೀರುವ ಶಕ್ತಿ ಇರುತ್ತದೆ. ಸ್ಲೋ ಸ್ಪೀಡಿನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಇದು ಜಾಸ್ತಿ. ನಮ್ಮ ಶೆಡ್ಡಿಗೆ ಹೀಗೆಯೇ ಒಂದು ಕಾರು ಬಂದಿತ್ತು, ಬೇರೆ ಕಡೆ ಸೆನ್ಸರ್ ಮೇಲೆ ಸೆನ್ಸರ್ ಹಾಕಿಸಿಕೊಂಡು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಎಂಬ ಸದ್ದು. ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಸದ್ದು ಮಾಯ. ಗಾಡಿ ಯಾವಾಗಲೂ ಗ್ಯಾರೇಜಿಗೆ ಬಿಸಿಯಾಗಿಯೇ ಬರುತ್ತದೆ, ಹಾಗಾಗಿ ಯಾರಿಗೂ ಆ ಸದ್ದು ಕೇಳಿಸಿರಲಿಲ್ಲ. ರಾತ್ರಿಯಿಡೀ ನಿಲ್ಲಿಸಿಕೊಂಡು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸಿಕ್ಕಿಬಿತ್ತು. ಜಾಯಿಂಟಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಇದನ್ನೂ ತಣ್ಣಗಿರುವಾಗಲೇ ನೋಡಿ.

ಈಗ ನಿಮ್ಮ ಕಾರಿಗೆ ಬರೋಣ. ನಿಂತಾಗ ನಡುಗುತ್ತದೆ ಎಂದಿದ್ದೀರಿ, ಅದೇ ಒಳ್ಳೆಯ ಸುಳಿವು. ಸ್ಕ್ಯಾನರಿನಲ್ಲಿ ಫ್ಯುಯಲ್ ಟ್ರಿಮ್ ಎಂಬ ಎರಡು ಅಂಕಿ ಬರುತ್ತವೆ, ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್. ಇಸಿಯು ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಕೊಡುತ್ತಿದೆ, ಎಷ್ಟು ಕಡಿಮೆ ಮಾಡಿದೆ ಎಂಬುದರ ಲೆಕ್ಕ ಅದು. ಎರಡನ್ನೂ ಕೂಡಿಸಿ ನೋಡಿ. ಪ್ಲಸ್ 10, ಮೈನಸ್ 10ರ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮದರಲ್ಲಿ ಪ್ಲಸ್ 20 ದಾಟಿರಬಹುದು. ಸ್ಲೋನಲ್ಲಿ ಜಾಸ್ತಿ ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ಕಳ್ಳಗಾಳಿ ಒಳಗೆ ಬರುತ್ತಿದೆ ಎಂದರ್ಥ. ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸ್, ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಪಿಸಿವಿ ಪೈಪ್ (ಎಂಜಿನ್ನಿನೊಳಗಿನ ಆವಿ ಹೋಗುವ ಪೈಪ್) ನೋಡಿಸಿ. ಸ್ಲೋನಲ್ಲಿ ಸರಿ ಇದ್ದು, ಏರು ಹತ್ತುವಾಗ, ಜೋರಾಗಿ ಓಡಿಸುವಾಗ ಟ್ರಿಮ್ ಏರಿದರೆ ಪೆಟ್ರೋಲ್ ಪಂಪ್, ಫಿಲ್ಟರ್ ಅಥವಾ ಏರ್‌ಫ್ಲೋ ಸೆನ್ಸರಿನ ಮೇಲೆ ಕೂತ ಕೊಳೆ ಕಾರಣವಾಗಿರುತ್ತದೆ.

ಇಲ್ಲಿ ಒಂದು ತಿರುವು ಇದೆ. ಏರ್‌ಫ್ಲೋ ಸೆನ್ಸರ್ ಬದಲು ಮ್ಯಾಪ್ ಸೆನ್ಸರ್ (ಇನ್‌ಟೇಕ್ ಒತ್ತಡ ಅಳೆಯುವುದು) ಮಾತ್ರ ಇರುವ ಕಾರಿನಲ್ಲಿ ಕಳ್ಳಗಾಳಿ ಬಂದರೆ ಅದೂ ಲೆಕ್ಕಕ್ಕೆ ಸಿಗುತ್ತದೆ. ಆಗ ಲೀನ್ ಕೋಡ್ ಬರುವ ಬದಲು ಸ್ಲೋ ಸ್ಪೀಡೇ ಏರಿ ಕೂರುತ್ತದೆ. ನಿಮ್ಮದು ಯಾವ ಜಾತಿ ಎಂದು ಮೊದಲು ಮೆಕ್ಯಾನಿಕ್ ಹತ್ತಿರ ಕೇಳಿ. ಲೀಕ್ ಹುಡುಕಲು ಹೊಗೆ ಬಿಟ್ಟು ನೋಡುವ ಯಂತ್ರವೇ ಚೆಂದ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡುವವರು ಬಹಳ ಜನ ಇದ್ದಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಯ ಜೊತೆ ಆಟ, ಮನೆಯಲ್ಲಿ ಮಾಡಬೇಡಿ.

ಇಷ್ಟು ನೋಡದೆ ಹಿಂದಿನ ಸೆನ್ಸರಿಗೆ ಕೈ ಹಾಕುವುದಂತೂ ಸುಮ್ನೆ ದಂಡ. ಮಿಕ್ಸ್ಚರ್ ನೋಡಿಕೊಳ್ಳುವ ಮುಖ್ಯ ಕೆಲಸ ಮುಂದಿನದ್ದು. ಹಿಂದಿನದು ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ) ಸರಿಯಾಗಿದೆಯೇ ಎಂದು ಕಾವಲು ಕಾಯುತ್ತದೆ.

ಪ್ರಶ್ನೆ: ಹಾಗಾದರೆ ಸೆನ್ಸರ್ ನಿಜವಾಗಿಯೂ ಕೆಟ್ಟಿದೆ ಎಂದು ಗೊತ್ತಾಗುವುದು ಹೇಗೆ? ನನ್ನ ಹತ್ತಿರ ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಕಾರಿನ ಕೋಡ್ ಓದುವ ಚಿಕ್ಕ ಓಬಿಡಿ ಸ್ಕ್ಯಾನರ್ ಇದೆ, ಡಿಜಿಟಲ್ ಮಲ್ಟಿಮೀಟರ್ ಇದೆ. ಆಟೊಮೊಬೈಲ್ ಡಿಪ್ಲೊಮಾ ಓದುತ್ತಿದ್ದೇನೆ.

ಉತ್ತರ: ಅಷ್ಟೇ ಸಾಕು ತಮ್ಮಾ. ಬಹಳ ಗ್ಯಾರೇಜುಗಳಲ್ಲಿ ಅಷ್ಟನ್ನೂ ಬಳಸುವುದಿಲ್ಲ.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. 2000ರಿಂದ 2500 ಆರ್‌ಪಿಎಂನಲ್ಲಿ ಒಂದೆರಡು ನಿಮಿಷ ಹಿಡಿ. ಆ್ಯಪ್‌ನಲ್ಲಿ ಬ್ಯಾಂಕ್ 1 ಸೆನ್ಸರ್ 1ರ ವೋಲ್ಟೇಜನ್ನು ಗ್ರಾಫ್ ಆಗಿ ಇಟ್ಟುಕೋ. ಬ್ಯಾಂಕ್ 1 ಎಂದರೆ ಒಂದನೇ ಸಿಲಿಂಡರ್ ಇರುವ ಕಡೆ, ಸೆನ್ಸರ್ 1 ಎಂದರೆ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚಿನದು. ಉಳಿದ ಅಂಕಿಗಳನ್ನೆಲ್ಲ ತೆಗೆದುಹಾಕು. ಈ ಚಿಕ್ಕ ಸ್ಕ್ಯಾನರುಗಳು ನಿಧಾನ. ಒಂದೇ ಸಲಕ್ಕೆ ಹತ್ತು ವಿಷಯ ಕೇಳಿದರೆ ಸೆನ್ಸರ್ ಎರಡು ಸಲ ಏರಿಳಿದದ್ದನ್ನು ತೋರಿಸುವುದೇ ಇಲ್ಲ. ಆಗ ಒಳ್ಳೆಯ ಸೆನ್ಸರ್ ಕೂಡ ಸೋಮಾರಿಯ ಹಾಗೆ ಕಾಣುತ್ತದೆ.

ಗ್ರಾಫ್ 0.1, 0.2ರಿಂದ 0.8, 0.9ರವರೆಗೆ ಚುರುಕಾಗಿ ಏರಿಳಿಯಬೇಕು, ಸೆಕೆಂಡಿಗೆ ಒಂದು ಸಲದ ಹತ್ತಿರ. ಇಳಿಜಾರಾಗಿ ಎಳೆದುಕೊಂಡು ಹೋದರೆ ಸೆನ್ಸರಿಗೆ ವಯಸ್ಸಾಗಿದೆ. ಪಿ0133 ಎಂಬ ಕೋಡ್ ಹೇಳುವುದು ಅದನ್ನೇ, ನಿಧಾನ ಎಂದು. ಎಕ್ಸಾಸ್ಟ್ ಲೀಕ್ ಇಲ್ಲ ಎಂದು ಖಾತ್ರಿಯಾದ ಮೇಲೆ ಈ ಕೋಡ್ ಬಂದರೆ ನಾನು ಸೆನ್ಸರ್ ಬದಲಾಯಿಸುತ್ತೇನೆ.

ಗ್ರಾಫ್ ಒಂದೇ ಕಡೆ ನಿಂತಿದ್ದರೆ ತಕ್ಷಣ ತೀರ್ಪು ಕೊಡಬೇಡ. ನೀನೇ ಮಿಕ್ಸ್ಚರ್ ಕೆಡಿಸಿ ನೋಡು. ಆಕ್ಸಿಲರೇಟರನ್ನು ಫಟ್ ಎಂದು ಒತ್ತು. ವೋಲ್ಟೇಜ್ 0.8 ದಾಟಬೇಕು. ಎಂಜಿನ್ ಏರಿದಾಗ ಕಾಲು ಪೂರ್ತಿ ತೆಗೆದುಬಿಡು. ಆಗ ಇಸಿಯು ಇಂಜೆಕ್ಟರ್ ನಿಲ್ಲಿಸುತ್ತದೆ, ಸೆನ್ಸರ್ ಸೊನ್ನೆಯ ಹತ್ತಿರ ಬೀಳಬೇಕು. ಎರಡಕ್ಕೂ ಥಟ್ಟನೆ ಉತ್ತರ ಕೊಟ್ಟಿತು ಎಂದರೆ ಸೆನ್ಸರ್ ಸರಿ ಇದೆ. ಅದು ಅಲ್ಲಿಯವರೆಗೆ ಲೀನ್ ಎಂದು ಹೇಳುತ್ತಿದ್ದರೆ ನಿಜವಾಗಿಯೂ ಅಲ್ಲಿ ಆಕ್ಸಿಜನ್ ಜಾಸ್ತಿ ಇತ್ತು. ಎಲ್ಲಿಂದ ಬಂತು ಎಂದು ಹುಡುಕುವುದೇ ಮುಂದಿನ ಕೆಲಸ.

0.45ರಲ್ಲಿ ಗೆರೆ ಎಳೆದ ಹಾಗೆ ನಿಂತಿದೆಯೇ? ಬಹಳ ಕಾರುಗಳಲ್ಲಿ ಅದು ಇಸಿಯು ತಾನೇ ಆ ವೈರಿನ ಮೇಲೆ ಇಟ್ಟ ವೋಲ್ಟೇಜ್. ಸೆನ್ಸರಿನಿಂದ ಏನೂ ಬರುತ್ತಿಲ್ಲ ಎಂದರ್ಥ. ವೈರ್ ತುಂಡಾಗಿರಬೇಕು, ಕಪ್ಲರ್ (ವೈರ್ ಕೂಡಿಸುವ ಪ್ಲಗ್) ಸಡಿಲವಾಗಿರಬೇಕು, ಇಲ್ಲವೇ ಸೆನ್ಸರ್ ಬಿಸಿಯೇ ಆಗಿಲ್ಲ. ಇನ್ನೊಂದು ವಿಚಿತ್ರ, 1 ವೋಲ್ಟ್ ದಾಟಿ ಗಟ್ಟಿಯಾಗಿ ನಿಂತಿರುವುದು. ಜಿರ್ಕೋನಿಯಾ ಅಷ್ಟು ವೋಲ್ಟೇಜನ್ನು ತಾನಾಗಿ ಹುಟ್ಟಿಸುವುದಿಲ್ಲ. ಎಲ್ಲೋ ವೈರಿಂಗ್ ಮ್ಯಾನಿಫೋಲ್ಡಿಗೆ ತಗುಲಿ ಕರಗಿ, ಸೆನ್ಸರನ್ನು ಬಿಸಿ ಮಾಡುವ ಹೀಟರಿನ ಕರೆಂಟ್ ಸಿಗ್ನಲ್ ವೈರಿಗೆ ಹತ್ತಿದೆ. ಅಂಥ ಕಡೆ ಹೊಸ ಸೆನ್ಸರ್ ಹಾಕಿದರೂ ಅಷ್ಟೇ.

ಮಲ್ಟಿಮೀಟರ್ ಹಿಡಿಯುವಾಗ ಎಚ್ಚರ. ಡಿಜಿಟಲ್ ಮೀಟರ್ ಮಾತ್ರ ಬಳಸು, ವೋಲ್ಟ್‌ನಲ್ಲಿ ಮಾತ್ರ. ಸಿಗ್ನಲ್ ವೈರಿಗೆ ಓಮ್ ಹಾಕಬೇಡ, ಟೆಸ್ಟ್ ಲ್ಯಾಂಪ್ ಮುಟ್ಟಿಸಬೇಡ. ಸೆನ್ಸರ್ ಹುಟ್ಟಿಸುವ ಕರೆಂಟ್ ತೀರಾ ಕಡಿಮೆ. ಪರೀಕ್ಷೆ ಮಾಡಲು ಹೋಗಿ ಅದನ್ನೇ ಕೊಂದಂತಾಗುತ್ತದೆ.

ಪ್ರಶ್ನೆ: ಪಿ0135 ಮತ್ತು ಪಿ0141 ಎರಡೂ ಒಟ್ಟಿಗೆ ಬಂದಿವೆ. ಎರಡು ಸೆನ್ಸರೂ ಒಂದೇ ದಿನ ಹೋಗುವುದು ಸಾಧ್ಯವೇ?

ಉತ್ತರ: ಮೊದಲು ಫ್ಯೂಸ್ ನೋಡಿ ಮೇಡಂ. ಎರಡೂ ಹೀಟರ್ ಕೋಡ್‌ಗಳು, ಮುಂದಿನದ್ದಕ್ಕೆ ಒಂದು, ಹಿಂದಿನದ್ದಕ್ಕೆ ಒಂದು. ಎರಡು ಹೀಟರಿಗೂ ಒಂದೇ ಫ್ಯೂಸಿನಿಂದ ಕರೆಂಟ್ ಹೋಗುವ ಕಾರುಗಳು ಬೇಕಾದಷ್ಟಿವೆ.

ಫ್ಯೂಸ್ ಸರಿ ಇದ್ದರೆ ಕಪ್ಲರ್ ಬಿಚ್ಚಿ, ಎಂಜಿನ್ ಓಡುತ್ತಿರುವಾಗ ಕಾರಿನ ಕಡೆಯ ಹೀಟರ್ ಪಿನ್ನಿಗೆ ಬ್ಯಾಟರಿ ವೋಲ್ಟೇಜ್ ಬರುತ್ತಿದೆಯೇ ಎಂದು ನೋಡಿಸಿ. ಆಮೇಲೆ ಸೆನ್ಸರಿನ ಕಡೆ, ತಣ್ಣಗಿರುವಾಗ, ಎರಡು ಹೀಟರ್ ವೈರುಗಳ ನಡುವೆ ಓಮ್ ಅಳೆಯಿರಿ. ಇಲ್ಲಿ ಓಮ್ ಹಾಕಬಹುದು. ಸಾಮಾನ್ಯವಾಗಿ 2ರಿಂದ 15 ಓಮ್ ಒಳಗೆ ಬರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ಸುಟ್ಟಿದೆ. ಇಂಥ ಕಡೆ ಸೆನ್ಸರ್ ಬದಲಾಯಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲ, ಅನುಮಾನವೂ ಬೇಡ. ನಾಲ್ಕು ವೈರಿನ ಬಾಷ್ ಸೆನ್ಸರಿನಲ್ಲಿ ಎರಡು ಬಿಳಿ ವೈರ್ ಹೀಟರಿನದು, ಕಪ್ಪು ಸಿಗ್ನಲ್, ಬೂದು ಗ್ರೌಂಡ್. ಡೆನ್ಸೊ ಆದರೆ ಎರಡು ಕಪ್ಪು ಹೀಟರಿನದು, ನೀಲಿ ಸಿಗ್ನಲ್, ಬಿಳಿ ಗ್ರೌಂಡ್. ಬಣ್ಣ ಒಂದೇ ಎಂದು ನಂಬಿದರೆ ಕೆಟ್ಟಿರಿ.

1976ರಲ್ಲಿ ಬಾಷ್ ಈ ಸೆನ್ಸರನ್ನು ಮೊದಲು ವೋಲ್ವೋ ಕಾರುಗಳಿಗೆ ಕೊಟ್ಟಾಗ ಹೀಟರ್ ಇರಲೇ ಇಲ್ಲ, ಹೊಗೆಯ ಬಿಸಿಯೇ ಗತಿ. ಈಗಲೂ ಹೀಟರ್ ಸತ್ತರೆ ಗಾಡಿ ಓಡುತ್ತದೆ. ಸೆನ್ಸರ್ ಎದ್ದೇಳುವವರೆಗೆ ಇಸಿಯು ಅಂದಾಜಿನ ಮೇಲೆ ಪೆಟ್ರೋಲ್ ಕೊಡುತ್ತದೆ, ಅಷ್ಟೇ. ಹತ್ತಿರ ಹತ್ತಿರ ಓಡಾಡುವವರಿಗೆ ಮೈಲೇಜಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಪಿ0420 ಬಂದಿದೆ. ಕ್ಯಾಟಲಿಟಿಕ್ ಕನ್ವರ್ಟರ್ ದುಬಾರಿ, ಅದಕ್ಕೆ ಮೊದಲು ಹಿಂದಿನ ಸೆನ್ಸರ್ ಹಾಕಿಸಿ ನೋಡೋಣ ಎಂದುಕೊಂಡಿದ್ದೇನೆ. ಸರಿಯೇ?

ಉತ್ತರ: ಅಗ್ಗದ್ದನ್ನು ಮೊದಲು ಬದಲಾಯಿಸಿ ನೋಡೋಣ ಎನ್ನುವುದು ಎಲ್ಲರಿಗೂ ಬರುವ ಯೋಚನೆಯೇ. ಇಲ್ಲಿ ಮಾತ್ರ ಅದು ಕೆಲಸ ಮಾಡುವುದು ಅಪರೂಪ.

ಕನ್ವರ್ಟರ್ ಆಕ್ಸಿಜನ್ನನ್ನು ಹಿಡಿದಿಟ್ಟು ಬೇಕಾದಾಗ ಬಿಡುತ್ತದೆ. ಹಾಗಾಗಿ ಮುಂದಿನ ಸೆನ್ಸರ್ ಎಷ್ಟು ಕುಣಿದರೂ ಹಿಂದಿನದು 0.6, 0.7ರ ಹತ್ತಿರ ಶಾಂತವಾಗಿರಬೇಕು. ಹಿಂದಿನದೂ ಮುಂದಿನದರ ಹಾಗೆಯೇ ಕುಣಿಯಲು ಶುರು ಮಾಡಿದರೆ ಇಸಿಯು ಪಿ0420 ಬರೆಯುತ್ತದೆ. ಈಗ ಯೋಚಿಸಿ. ವಯಸ್ಸಾದ ಸೆನ್ಸರ್ ಕುಣಿಯುವುದು ಕಡಿಮೆ. ಅಂದರೆ ಹಿಂದಿನ ಸೆನ್ಸರ್ ಸೋಮಾರಿಯಾದರೆ ಕೆಟ್ಟ ಕನ್ವರ್ಟರ್ ಕೂಡ ಒಳ್ಳೆಯದರ ಹಾಗೆ ಕಾಣಬೇಕು. ಅಷ್ಟು ಚುರುಕಾಗಿ ಕುಣಿಯುತ್ತಿರುವ ಸೆನ್ಸರನ್ನು ಬದಲಾಯಿಸಿ ಏನು ಸಿಗುತ್ತದೆ?

ಎರಡೂ ಸೆನ್ಸರುಗಳ ಗ್ರಾಫನ್ನು ಒಂದರ ಕೆಳಗೆ ಒಂದು ಇಟ್ಟು ನೋಡಿ. ಎಕ್ಸಾಸ್ಟ್ ಲೀಕ್ ಇದೆಯೇ, ಎಂಜಿನ್ ಮಿಸ್ಸಿಂಗ್ ಇದೆಯೇ, ಆಯಿಲ್ ಕುಡಿಯುತ್ತಿದೆಯೇ ಎಂದು ತಿಳಿದುಕೊಳ್ಳಿ. ಕನ್ವರ್ಟರ್ ತಾನಾಗಿ ಸಾಯುವುದಕ್ಕಿಂತ ಎಂಜಿನ್ ಅದನ್ನು ಕೊಲ್ಲುವುದೇ ಜಾಸ್ತಿ. ಸುಡದ ಪೆಟ್ರೋಲ್ ಅಲ್ಲಿ ಹೋಗಿ ಸುಟ್ಟು ಒಳಗಿನ ಜೇನುಗೂಡನ್ನೇ ಕರಗಿಸುತ್ತದೆ. ಕಾರಣ ಬಿಟ್ಟು ಹೊಸ ಕನ್ವರ್ಟರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಪ್ರಶ್ನೆ: ಹಿಂದಿನ ಸೆನ್ಸರಿಗೆ ಸ್ಪೇಸರ್ (ಅದನ್ನು ಹೊಗೆಯಿಂದ ಸ್ವಲ್ಪ ಹೊರಗೆ ಸರಿಸುವ ತುಂಡು) ಹಾಕಿದರೆ ಲೈಟ್ ಆರುತ್ತದಂತೆ?

ಉತ್ತರ: ಆರುತ್ತದೆ. ಬಲ್ಬ್ ಕಿತ್ತರೂ ಆರುತ್ತದೆ. ಮುಂದಿನ ಪ್ರಶ್ನೆ.

ಪ್ರಶ್ನೆ: ಹೊಸ ಕಾರು. ಆ್ಯಪ್‌ನಲ್ಲಿ ಮುಂದಿನ ಸೆನ್ಸರ್ ಏರಿಳಿಯುವುದೇ ಇಲ್ಲ, 1.00 ಎಂದು ತೋರಿಸಿ ಸುಮ್ಮನೆ ನಿಂತಿರುತ್ತದೆ. ಲೈಟ್ ಏನೂ ಹತ್ತಿಲ್ಲ. ಚಿಂತೆ ಮಾಡಬೇಕೇ?

ಉತ್ತರ: ಬೇಡ ಸರ್, ನಿಮ್ಮದು ವೈಡ್‌ಬ್ಯಾಂಡ್ ಸೆನ್ಸರ್. ಹಳೆಯದು ರಿಚ್ ಅಥವಾ ಲೀನ್ ಎಂದು ಮಾತ್ರ ಹೇಳುತ್ತಿತ್ತು. ಇದು ಎಷ್ಟು ರಿಚ್, ಎಷ್ಟು ಲೀನ್ ಎಂಬುದನ್ನೂ ಹೇಳುತ್ತದೆ. ನೀವು ನೋಡುತ್ತಿರುವುದು ವೋಲ್ಟೇಜ್ ಅಲ್ಲ, ಲ್ಯಾಂಬ್ಡಾ ಎಂಬ ಅಳತೆ. 1.00 ಎಂದರೆ ಮಿಕ್ಸ್ಚರ್ ಸರಿಯಾಗಿದೆ. ಜೋರಾಗಿ ಒತ್ತಿದಾಗ 1ಕ್ಕಿಂತ ಕೆಳಗಿಳಿದು, ಕಾಲು ತೆಗೆದಾಗ ಮೇಲಕ್ಕೆ ಹಾರಿದರೆ ಆರೋಗ್ಯವಾಗಿದೆ. 0.1ರಿಂದ 0.9ರ ಹಳೆಯ ಲೆಕ್ಕವನ್ನು ಇದಕ್ಕೆ ಹಚ್ಚಿ, ಸತ್ತಿದೆ ಎಂದು ಬಿಚ್ಚಿ ಎಸೆಯುವವರಿದ್ದಾರೆ. ಬದಲಾಯಿಸುವ ಕಾಲ ಬಂದಾಗ ಕಪ್ಲರ್ ಕತ್ತರಿಸಿ ವೈರ್ ಜೋಡಿಸಲು ಯಾರಿಗೂ ಬಿಡಬೇಡಿ. ಎಷ್ಟೋ ವೈಡ್‌ಬ್ಯಾಂಡ್ ಸೆನ್ಸರುಗಳ ಕಪ್ಲರಿನೊಳಗೆ ಆ ಸೆನ್ಸರಿಗೆಂದೇ ಅಳೆದು ಹಾಕಿದ ಪುಟ್ಟ ರೆಸಿಸ್ಟರ್ ಇರುತ್ತದೆ.

ಪ್ರಶ್ನೆ: ಬಿಚ್ಚಿದ ಸೆನ್ಸರನ್ನು ಪೆಟ್ರೋಲಿನಲ್ಲಿ ನೆನೆಸಿ, ಬ್ರಷ್ ಹಾಕಿ ಉಜ್ಜಿ ಮತ್ತೆ ಹಾಕಬಹುದೇ?

ಉತ್ತರ: ಉಜ್ಜಬೇಡಿ. ಮೇಲಿನ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಬ್ರಷ್ ಅದನ್ನು ಕೆರೆದು ಹಾಕುತ್ತದೆ. ತೊಳೆಯುವ ಬದಲು ತುದಿಯನ್ನು ಓದಿ. ಒಣ ಕಪ್ಪು ಮಸಿ ಇದ್ದರೆ ಮಿಕ್ಸ್ಚರ್ ರಿಚ್ ಇದೆ. ಇಂಜೆಕ್ಟರ್ ಸೋರಿಕೆಯನ್ನೋ ಪೆಟ್ರೋಲ್ ಪ್ರೆಶರನ್ನೋ ಸರಿ ಮಾಡಿ ಗಾಡಿ ಓಡಿಸಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಕಂದು, ಬೂದು ಬಣ್ಣದ ಗಟ್ಟಿ ಪದರ ಆಯಿಲ್ ಸುಟ್ಟದ್ದು. ಬಿಳಿ ಪುಡಿ ಕೂತಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ಮೇಲೆ ಕಣ್ಣಿಡಿ. ಇಲ್ಲವೇ ಯಾರೋ ಗ್ಯಾಸ್ಕೆಟ್ ಬದಲು ಸಿಕ್ಕಿದ ಸಿಲಿಕೋನ್ ಅಂಟನ್ನು ಮೆತ್ತಿದ್ದಾರೆ. ಅದರ ಆವಿ ಎಂಜಿನ್ ಒಳಗೆ ಹೋಗಿ ಸುಟ್ಟು ಬಂದು ಸೆನ್ಸರಿನ ತೂತು ಮುಚ್ಚುತ್ತದೆ. ಸೆನ್ಸರಿಗೆ ಹಾನಿ ಮಾಡದ ಅಂಟು ಬೇರೆಯೇ ಸಿಗುತ್ತದೆ, ಟ್ಯೂಬಿನ ಮೇಲೆ ಬರೆದಿರುತ್ತದೆ.

ಪ್ರಶ್ನೆ: ಸೆನ್ಸರ್ ತುಕ್ಕು ಹಿಡಿದು ಅಲುಗಾಡುತ್ತಿಲ್ಲ. ಬಿಚ್ಚುವುದು ಹೇಗೆ? ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು?

ಉತ್ತರ: ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಮರುದಿನ ಎಂಜಿನ್ ಸ್ವಲ್ಪ ಓಡಿಸಿ, ಬೆಚ್ಚಗಿರುವಾಗ ಬಿಚ್ಚಿ. ಕೆಂಪಗೆ ಕಾದಿರುವಾಗ ಕೈ ಹಾಕಬೇಡಿ, ಮತ್ತೆ. ವೈರ್ ಹೊರಬರಲು ಸೀಳಿರುವ 22 ಮಿ.ಮೀ. ಸಾಕೆಟ್ ಸಿಗುತ್ತದೆ, ಅದನ್ನೇ ಬಳಸಿ. ಸಾಮಾನ್ಯ ಸ್ಪ್ಯಾನರ್ ಮೂಲೆ ತಿಂದುಹಾಕುತ್ತದೆ.

ಹೊಸದರ ತ್ರೆಡ್ಡಿಗೆ ಕಂಪನಿಯವರೇ ಆ್ಯಂಟಿ ಸೀಜ್ (ತ್ರೆಡ್ ಹಿಡಿದುಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಿರುತ್ತಾರೆ. ಹಚ್ಚಿಲ್ಲದಿದ್ದರೆ ತ್ರೆಡ್ಡಿಗಷ್ಟೇ ಸ್ವಲ್ಪ ಹಚ್ಚಿ, ತುದಿಗೆ ತಾಗಬಾರದು. 18 ಮಿ.ಮೀ. ತ್ರೆಡ್ಡಿಗೆ 40ರಿಂದ 50 ನ್ಯೂಟನ್ ಮೀಟರ್ ಟಾರ್ಕ್ ಸಾಕು. ಕೈಜಾರಿ ನೆಲಕ್ಕೆ ಬಿದ್ದದ್ದನ್ನು ಹಾಕಬೇಡಿ, ಒಳಗೆ ಪಿಂಗಾಣಿ ಸೀಳಿದ್ದರೆ ಹೊರಗೆ ಗೊತ್ತಾಗುವುದಿಲ್ಲ. ಕಪ್ಲರಿಗೆ ಗ್ರೀಸ್ ತುಂಬುವ ಅಭ್ಯಾಸ ಇದ್ದರೆ ಇಲ್ಲಿ ಬಿಡಿ. ಬಹಳ ಸೆನ್ಸರುಗಳು ಹೊರಗಿನ ಗಾಳಿಯನ್ನು ವೈರಿನ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುತ್ತವೆ. ಆ ದಾರಿ ಮುಚ್ಚಿದರೆ ಹೊಸ ಸೆನ್ಸರ್ ಕೂಡ ತಪ್ಪು ಹೇಳುತ್ತದೆ.

ಕಿಲೋಮೀಟರ್ ಕೇಳಿದ್ದೀರಿ. ಹೀಟರ್ ಇರುವ ಸೆನ್ಸರುಗಳಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ 1,60,000. ಹೀಟರ್ ಇಲ್ಲದ ಹಳೆಯವಕ್ಕೆ ಅದರ ಅರ್ಧ ಅಥವಾ ಇನ್ನೂ ಕಡಿಮೆ. ಆಯಿಲ್ ಕುಡಿಯುವ ಎಂಜಿನ್ನಿನಲ್ಲಿ ಅಷ್ಟು ಬಾಳುವುದಿಲ್ಲ. ಒಳ್ಳೆಯ ಎಂಜಿನ್ನಿನಲ್ಲಿ ಅದಕ್ಕೂ ಮೀರಿ ಬಾಳಿದ್ದನ್ನು ನೋಡಿದ್ದೇನೆ. ಬದಲಾಯಿಸಿದ ಮೇಲೆ ಸ್ಕ್ಯಾನರಿನಲ್ಲಿ ಹಳೆಯ ಫ್ಯುಯಲ್ ಟ್ರಿಮ್ ಅಳಿಸಲು ಹೇಳಿ. ಕೆಲವು ದಿನ ಓಡಿಸಿ ಮತ್ತೆ ಟ್ರಿಮ್ ನೋಡಿ. ಸೊನ್ನೆಯ ಹತ್ತಿರ ಬಂದಿದ್ದರೆ ತಪ್ಪು ನಿಜವಾಗಿಯೂ ಸೆನ್ಸರಿನದ್ದೇ ಆಗಿತ್ತು. ಮತ್ತೆ 20ಕ್ಕೆ ಏರಿದ್ದರೆ, ಮೊದಲನೇ ಪ್ರಶ್ನೆಯ ಉತ್ತರ ಓದಿ.